ಮೈಲೇಜ್ ಮಾವನ ಹಿಂದಿನ ಸೀಟು

ನಮ್ಮನೆಯವರ ಬೈಕ್ ಹತ್ತಿದ ದಿನ ಸುಮ್ನೆ ಊರು ಮುಟ್ಟಿದ್ದು ಅಂತ ನನಗೆ ನೆನಪೇ ಇಲ್ಲ. ಎಲ್ಲರೂ ದೇವರ ಜಪ ಮಾಡಿದ್ರೆ ಇವರದು ಮೈಲೇಜ್ ಜಪ. ನಾದಿನಿ ಮಗಳ ಮದುವೆ ದಿನವಾದ್ರೂ ಬಿಡ್ತಾರಾ? ಹೆಣ್ಣನ್ನ ಮಂಟಪಕ್ಕೆ ಕರ್ಕೊಂಡು ಬರೋ ಸೋದರಮಾವ ಇವರು. ಧಾರೆ ಸೀರೆ ನನ್ನ ಮಡಿಲಲ್ಲಿ. ಅಜ್ಜಂಪುರದಿಂದ ಹೊರಟು ಮುಹೂರ್ತದೊಳಗೆ ತರೀಕೆರೆ ಛತ್ರ ಸೇರಬೇಕು.

೧. ಸಣ್ಣ ಹೊಟ್ಟೆ

ಇದ್ದ ದೊಡ್ಡ ಬೈಕ್ ಮಾರಿ ಸಣ್ಣ ಎಂಜಿನ್ನಿಂದು ತಂದಿದ್ರು. "ಸಣ್ಣ ಹೊಟ್ಟೆ ಕಣೇ, ಕಮ್ಮಿ ಕುಡಿಯುತ್ತೆ" ಅಂತ. ನಾವಿಬ್ರೂ ಗಟ್ಟಿ ಕುಳ, ಟ್ಯಾಂಕಿನ ಮೇಲೆ ತಾಂಬೂಲದ ತೆಂಗಿನಕಾಯಿ ಮೂಟೆ ಬೇರೆ. ಏರು ಬಂದಿದ್ದೇ ತಡ, ಗಾಡಿ ಏದುಸಿರು ಬಿಡ್ತು. ಒಂದನೇ ಗೇರು, ಪೂರ್ತಿ ಆಕ್ಸಿಲರೇಟರ್.

"ಇದೇನ್ರೀ, ದೊಡ್ಡದಕ್ಕಿಂತ ಜಾಸ್ತಿ ಕುಡೀತಿದೆ!"

"ಗಾಡಿ ತಪ್ಪಲ್ಲ. ನೀನು ಹಬ್ಬದ ಹೋಳಿಗೆ ಒಂದೂ ಬಿಡ್ಲಿಲ್ಲವಲ್ಲ."

"ತುಪ್ಪದ ಗಿಂಡಿ ಖಾಲಿ ಮಾಡಿದ್ದು ಗಾಡೀನಾ?" ಅಂದೆ.

೨. ನಲವತ್ತರ ಮುಳ್ಳು

ಸಪಾಟು ರಸ್ತೆ ಬಂದ್ರೂ ಸ್ಪೀಡಿನ ಮುಳ್ಳು ನಲವತ್ತು ದಾಟಲ್ಲ. ಜೋರಾಗಿ ಹೋದ್ರೆ ಗಾಳಿ ಹಿಡಿದು ಎಳೆಯುತ್ತೆ, ಪೆಟ್ರೋಲ್ ಸುಡುತ್ತೆ ಅನ್ನೋದು ಇವರ ವೇದಾಂತ. ಹುಲ್ಲು ಹೇರಿದ ಲಾರಿಯೊಂದು ಪಕ್ಕಕ್ಕೆ ಬಂತು. ಕ್ಲೀನರ್ ಬಗ್ಗಿ, "ಯಜಮಾನ್ರೇ, ಗಾಡಿ ಕೆಟ್ಟಿದ್ರೆ ಹಗ್ಗ ಕೊಡ್ಲಾ?" ಅಂದ. ಇವರಿಗೆ ಸಿಟ್ಟೂ ಬರಲಿಲ್ಲ. "ಇದರ ಹಿಂದೇನೇ ಹೋಗಣ ಕಣೇ, ಗಾಳಿಗೆ ಮರೆ ಆಗುತ್ತೆ" ಅಂತ ಬೆನ್ನು ಬಿದ್ರು. ನಾನು ಮುಡಿದಿದ್ದ ಮೈಸೂರು ಮಲ್ಲಿಗೆ ತುಂಬ ಹುಲ್ಲೋ ಹುಲ್ಲು. ಮದುವೆಗೆ ಹೊರಟವರು ಕೊಟ್ಟಿಗೆಯಿಂದ ಎದ್ದು ಬಂದಂಗಿದ್ವಿ.

೩. ಭಾರ

ಮತ್ತೊಂದು ಏರು. "ಸ್ವಲ್ಪ ಇಳಿದು ನಡಿಯೇ, ಮೇಲೆ ನಿಂತಿರ್ತೀನಿ" ಅಂದ್ರು. ಮುಹೂರ್ತ ಹತ್ತಿರ, ಜಗಳಕ್ಕೆ ಹೊತ್ತಿಲ್ಲ. ಸೀರೆ ಗಂಟು ಅವಚಿಕೊಂಡು ಹತ್ತಿದೆ. ಇವರು ನಿಂತಿದ್ರು, ಪಾಪ. ಹತ್ತೋಕೆ ಅಂತ ಸೀಟಿನ ಮೇಲೆ ಕೈ ಊರಿದೆ ಅಷ್ಟೇ, ನಾನು ಕೂತೆ ಅಂದ್ಕೊಂಡು ಹೊರಟೇಬಿಟ್ರು!

ಸೀರೆ ಗಂಟು ನನ್ನ ಹತ್ರಾನೇ ಇದೆ. ಸೀರೆ ಇಲ್ದೆ ಧಾರೆ ಹೆಂಗೆ? ಬಾಳೆಗೊನೆ ತುಂಬಿದ ಗೂಡ್ಸ್ ಆಟೋಗೆ ಕೈ ಅಡ್ಡ ಹಾಕಿ ಹತ್ತಿದೆ. ದಾರೀಲಿ ಇವರನ್ನ ಹಿಂದೆ ಹಾಕಿದ್ವಿ. "ರೀ! ರೀ!" ಅಂತ ಕೂಗಿದೆ. ಕಣ್ಣು ಮುಳ್ಳಿನ ಮೇಲೆ, ಕಿವಿ ಹೆಲ್ಮೆಟ್ ಒಳಗೆ, ಕೇಳೋರು ಯಾರು?

ಛತ್ರ ಸೇರಿ, ಸೀರೆ ನಾದಿನಿ ಕೈಗಿಟ್ಟು, ನಡೆದಿದ್ದು ಹೇಳಿದೆ. ಅವಳು ನಕ್ಕು ನಕ್ಕು ಸುಸ್ತಾದಳು. ಇಬ್ರೂ ಬಾಗಿಲಲ್ಲಿ ಕಾದ್ವಿ. ಕೊನೆಗೂ ಬಂತು ಸೋದರಮಾವನ ಸವಾರಿ. ಮೆಟ್ಟಿಲು ಹತ್ತುತ್ತಿದ್ದಂಗೇ ಪನ್ನೀರು ದಾನಿ ತಗೊಂಡು ಮುಖಕ್ಕೇ ಎರಚಿದೆ. ಎರಚಿದ್ದು ಯಾರು ಅಂತಾನೂ ಕಾಣದೆ ಇವರು ಕಣ್ಣು ಉಜ್ಜಿಕೊಳ್ತಾ ನಿಂತ್ರು.

ನಾದಿನಿ ನಗು ತಡ್ಕೊಂಡು ಕೇಳಿದಳು, "ಅಣ್ಣ, ಅತ್ತಿಗೆ ಎಲ್ಲಿ?"

"ಹಿಂದೆ ಇಳೀತಾ ಇದಾಳೆ ಕಣೇ. ಅದಿರ್ಲಿ, ಇವತ್ತು ಗಾಡಿ ಏನ್ ಓಡ್ತು ಅಂತೀಯ! ಒಬ್ಬನೇ ಕೂತಂಗೆ ಹಾರ್ಕೊಂಡ್ ಬಂತು!"