ಬಾಯಿ ಡಾಕ್ಟರೂ ನಮ್ಮ ಮನೆಯ ಹಲ್ಲುನೋವೂ

ಕನ್ನಡದಲ್ಲಿ ಅತ್ಯಂತ ಅಪಾಯಕಾರಿಯಾದ ಪದ ಯಾವುದೆಂದು ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ 'ವಿಶೇಷ' ಎಂದುಬಿಡುತ್ತೇನೆ. ನೋಡುವುದಕ್ಕೆ ಸಾಧು ಪದ. ದೇವಸ್ಥಾನದಲ್ಲಿ ವಿಶೇಷ ಪೂಜೆ, ಪತ್ರಿಕೆಗೆ ವಿಶೇಷಾಂಕ, ಇದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಮದುವೆಯಾಗಿ ಕೆಲವು ವರ್ಷ ಕಳೆದ ಹೆಂಗಸೊಬ್ಬಳ ಮುಂದೆ ನಿಂತು, ದನಿ ತಗ್ಗಿಸಿ, ಕಣ್ಣನ್ನು ಅವಳ ಮುಖದಿಂದ ಮೆಲ್ಲಗೆ ಕೆಳಗಿಳಿಸಿ "ಏನಮ್ಮಾ, ವಿಶೇಷ ಏನಾದ್ರೂ ಇದೆಯಾ?" ಎಂದು ಕೇಳಿ ನೋಡಿ. ಆ ಪದಕ್ಕೆ ಹಲ್ಲು ಉಗುರು ಎಲ್ಲ ಮೂಡುತ್ತವೆ. ಎಂಬತ್ತರ ದಶಕದ ಮುಂಬಯಿಯಲ್ಲಿ ನಮ್ಮವರು ಅರ್ಧ ಕನ್ನಡವನ್ನು ಮರೆತು ಅಲ್ಲಿಗೆ ಹಿಂದಿ, ಮರಾಠಿ ತುಂಬಿಕೊಂಡಿದ್ದರು. ಈ ಒಂದು ವಾಕ್ಯವನ್ನು ಮಾತ್ರ ಯಾರೂ ಮರೆತಿರಲಿಲ್ಲ. ಕನ್ನಡ ಸಂಘದ ನಾಟಕದ ಮಧ್ಯಂತರದಲ್ಲಿ, ಸತ್ಯನಾರಾಯಣ ಪೂಜೆಯಲ್ಲಿ, ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ, ನನ್ನ ಹೆಂಡತಿ ಸುಮತಿಗೆ ಈ ಪ್ರಶ್ನೆ ತಪ್ಪುತ್ತಿರಲಿಲ್ಲ. ಅವಳು ನಕ್ಕು "ಇಲ್ಲ" ಎನ್ನುತ್ತಿದ್ದಳು. ಮನೆಗೆ ಬಂದು ಅಡುಗೆಮನೆಯ ನಲ್ಲಿಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ತೆರೆದಿಡುತ್ತಿದ್ದಳು. ಆ ನೀರಿನ ಸದ್ದು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಸಂಕಟಕ್ಕೆ ನಾನು ಕಂಡುಕೊಂಡಿದ್ದ ಮದ್ದೆಂದರೆ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುವುದು.

ನನಗೋ ಇನ್ನೊಂದು ಚಟ. ಹೋಟೆಲಿಗೆ ಕಾಲಿಟ್ಟ ಕೂಡಲೇ ಮಾಣಿಯನ್ನು "ಏನಪ್ಪಾ ವಿಶೇಷ?" ಎಂದು ಕೇಳುವುದು. ಮೈಸೂರಿನಿಂದ ನನ್ನ ಜೊತೆಯಲ್ಲೇ ಬಂದ ಅಭ್ಯಾಸ. ಒಮ್ಮೆ ಹಾಗೆ ಕೇಳಿದಾಗ ಸುಮತಿ, "ರೀ, ನೀವಾದ್ರೂ ಆ ಮಾತು ಬಿಡಿ" ಎಂದಳು. ಅಂದಿನಿಂದ ನಾನು "ತಿಂಡಿ ಏನಿದೆ?" ಎಂದು ಕೇಳತೊಡಗಿದೆ. ಗಂಡನಾಗಿ ನಾನು ಮಾಡಿದ ಮೊದಲ ಚಿಕಿತ್ಸೆ ಅದೇ.

ಆಗ ಪೇಪರಿನ ತುಂಬ ಟೆಸ್ಟ್ ಟ್ಯೂಬ್ ಶಿಶುವಿನ ಸುದ್ದಿ. ನಾವೂ ಅಲ್ಲಿಗೇ ಹೋಗಬೇಕಾಗುತ್ತದೋ ಏನೋ ಎಂದು ಸುಮತಿ ಒಂದು ದಿನ ಕೇಳಿದಾಗ ನನಗೆ ನನ್ನ ಕಾಲೇಜು ದಿನಗಳು ನೆನಪಾದವು. ಪಿಯುಸಿಯಲ್ಲಿ ಕೆಮಿಸ್ಟ್ರಿ ಪ್ರಾಕ್ಟಿಕಲ್ ಎಂದರೆ ನಾನು ಟೆಸ್ಟ್ ಟ್ಯೂಬ್ ಒಡೆಯುವ ಕ್ಲಾಸು ಎಂದೇ ಹೆಸರಾಗಿತ್ತು. ಗಾಜಿನ ನಳಿಗೆಗೂ ನನಗೂ ಆಗಿಬರುವುದಿಲ್ಲ. ಅಂಥದರಲ್ಲಿ ನನ್ನ ವಂಶವೇ ಅದರೊಳಗೆ ನಿಂತರೆ ಗತಿಯೇನು? ಆಫೀಸಿನ ಮರಾಠಿ ಗೆಳೆಯನ ಹತ್ತಿರ ಕಷ್ಟ ಹೇಳಿಕೊಂಡೆ. ಅವನು ಗ್ರಾಂಟ್ ರೋಡಿನಲ್ಲಿ ಒಬ್ಬ ವಯಸ್ಸಾದ ಡಾಕ್ಟರಮ್ಮನ ವಿಳಾಸ ಕೊಟ್ಟ. ಹೆಸರು ಯಾರೂ ಹೇಳುತ್ತಿರಲಿಲ್ಲ, ಎಲ್ಲರಿಗೂ ಆಕೆ 'ಬಾಯಿ'. ಮರಾಠಿಯಲ್ಲಿ ಬಾಯಿ ಎಂದರೆ ಅಮ್ಮಾವರು ಎಂದಷ್ಟೇ ಅರ್ಥ.

ಗೋರೆಗಾಂವ್‌ನ ನಮ್ಮ ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರದಲ್ಲಿ ಗುಟ್ಟು ಮಾತಾಡುವುದಕ್ಕೆ ಜಾಗವಿರಲಿಲ್ಲ. ಜೊತೆಗೆ ನನ್ನ ಅಮ್ಮ ಇದ್ದಳು. ಅವಳಿಗೆ ಮರಾಠಿಯಲ್ಲಿ ಬರುತ್ತಿದ್ದದ್ದು ತರಕಾರಿಗಳ ಹೆಸರು ಮಾತ್ರ. ನಾನು ಸುಮತಿಗೆ "ನಾಳೆ ಬಾಯಿ ಡಾಕ್ಟರ ಹತ್ತಿರ ಹೋಗಬೇಕು" ಎಂದು ಪಿಸುಗುಟ್ಟಿದ್ದು ಅಮ್ಮನ ಕಿವಿಗೆ ಬಿತ್ತು. "ಹಲ್ಲುನೋವೇನೇ ಸುಮತಿ? ಲವಂಗ ಕಚ್ಚಿಕೋ" ಎಂದಳು. ನನಗೆ ದೇವರೇ ಬಾಯಿ ಬಿಟ್ಟು ಹೇಳಿದ ಹಾಗಾಯಿತು. "ಹೌದಮ್ಮ, ಹಲ್ಲು" ಎಂದೆ. ಮರುದಿನದಿಂದ ನಮ್ಮ ಮನೆಯಲ್ಲಿ ಹಲ್ಲುನೋವು ಶುರುವಾಯಿತು.

ಬಾಯಿ ನಮ್ಮ ಮಾತನ್ನೆಲ್ಲ ಕೇಳಿದರು. ನಾನು ಟೆಸ್ಟ್ ಟ್ಯೂಬಿನ ಭಯ ತೋಡಿಕೊಂಡಾಗ ಕನ್ನಡಕ ಮೇಲೇರಿಸಿ, "ದೇಖೋ, ಗ್ರಾಂಟ್ ರೋಡ್ ಮೇ ಫಾಸ್ಟ್ ಗಾಡಿ ರುಕತೀ ಹೀ ನಹೀ. ಪಹಲೇ ಸ್ಲೋ ಮೇ ಬೈಠೋ" ಎಂದರು, ಇಲ್ಲಿ ಫಾಸ್ಟ್ ಗಾಡಿ ನಿಲ್ಲುವುದೇ ಇಲ್ಲ, ಮೊದಲು ಸ್ಲೋ ಹತ್ತಿ ಎಂದು. ಅವರ ಸ್ಲೋ ಗಾಡಿಯ ಸ್ಟೇಷನ್ನುಗಳು ಹೀಗಿದ್ದವು. ಮೊದಲು ಸುಮತಿ ದಿನಾ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುನ್ನ ಬಾಯಲ್ಲಿ ಥರ್ಮಾಮೀಟರ್ ಇಟ್ಟು ಮೈಯ ಬಿಸಿ ನೋಡಿಕೊಳ್ಳಬೇಕು, ತಿಂಗಳಲ್ಲಿ ಯಾವಾಗ ಅಂಡ ಬಿಡುಗಡೆಯಾಗುತ್ತದೆಂದು ಅದರಿಂದ ಅಂದಾಜು ಸಿಗುತ್ತದೆ. ಗರ್ಭನಾಳ ತೆರೆದಿದೆಯೇ ಎಂದು ಬಣ್ಣ ಹಾಯಿಸಿ ಎಕ್ಸ್‌ರೇ ತೆಗೆಸಬೇಕು. ಅದು ಮುಚ್ಚಿದ್ದರೆ ಮಾತು ಬೇರೆ. ತೆರೆದಿದ್ದರೆ ಅಂಡ ಬಲಿಯುವುದಕ್ಕೆ ಮಾತ್ರೆಗಳಿವೆ. ಅದೂ ಸಾಲದಿದ್ದರೆ ಗಂಡನ ವೀರ್ಯವನ್ನು ತೊಳೆದು ಸಣ್ಣ ನಳಿಗೆಯಿಂದ ಗರ್ಭದೊಳಗೆ ಇಡುವ ಉಪಾಯವಿದೆ, ಕೊಯ್ಯುವುದೂ ಇಲ್ಲ, ಆಸ್ಪತ್ರೆಯಲ್ಲಿ ಮಲಗಿಸುವುದೂ ಇಲ್ಲ. ಇಷ್ಟೆಲ್ಲ ದಾಟಿದ ಮೇಲೆ ದೊಡ್ಡ ಚಿಕಿತ್ಸೆಯ ಯೋಚನೆ. ನಾನು ತಲೆದೂಗುತ್ತ ಕೇಳುತ್ತಿದ್ದೆ. ಆಗ ಬಾಯಿ ನನ್ನತ್ತ ತಿರುಗಿ, "ಔರ್ ಆಪ್ ಕಾ ಟೆಸ್ಟ್?" ಎಂದರು. ನನ್ನ ತಲೆ ಅರ್ಧದಲ್ಲೇ ನಿಂತಿತು. ಅಷ್ಟು ವರ್ಷಗಳಲ್ಲಿ ಒಬ್ಬರಾದರೂ ನನ್ನನ್ನು 'ವಿಶೇಷ' ಕೇಳಿರಲಿಲ್ಲ. ಹರಕೆ, ಉಪವಾಸ, ಅಶ್ವತ್ಥ ಪ್ರದಕ್ಷಿಣೆ, ಎಲ್ಲ ಅವಳ ಪಾಲಿಗೇ ಬಂದಿದ್ದವು. ಪ್ರಸಾದ ತಿನ್ನುವುದಷ್ಟೇ ನನ್ನ ಪಾಲಾಗಿತ್ತು.

ನನ್ನ ಪರೀಕ್ಷೆಗೆ ಬೇಕಾದ ಸ್ಯಾಂಪಲನ್ನು ಮನೆಯಿಂದಲೇ ತರಬಹುದು, ಗಂಟೆಯೊಳಗೆ ತಲುಪಬೇಕು, ದಾರಿಯಲ್ಲಿ ತಣ್ಣಗಾಗಬಾರದು, ಮೈಗೆ ತಾಗಿಸಿಟ್ಟುಕೊಳ್ಳಿ ಎಂದಿದ್ದರು. ಮುಂಬಯಿಯ ಗರ್ದಿಯ ಜೇಬುಗಳ್ಳರಿಗೆ ಹೆದರಿ ಅಮ್ಮ ನನ್ನ ಬನಿಯನ್ನುಗಳಿಗೆಲ್ಲ ಒಂದೊಂದು ಕಳ್ಳಜೇಬು ಹೊಲಿದುಕೊಟ್ಟಿದ್ದಳು. ಸೀಸೆಯನ್ನು ಕಾಗದದಲ್ಲಿ ಸುತ್ತಿ ಅದರಲ್ಲಿಟ್ಟು, ಮೇಲೆ ಅಂಗಿ ತೊಟ್ಟು ಲೋಕಲ್ ಹತ್ತಿದೆ. ಸುಮತಿ ಲೇಡೀಸ್ ಡಬ್ಬಿಯಲ್ಲಿ. ಆ ಊರಿನಲ್ಲಿ ಎದೆಯ ಮೇಲೆ ಕೈಯಿಟ್ಟುಕೊಂಡು ಪ್ರಯಾಣ ಮಾಡುವುದೆಂದರೆ 'ಇಲ್ಲಿದೆ, ತೆಗೆದುಕೊಳ್ಳಿ' ಎಂದು ಬೋರ್ಡು ಹಾಕಿಕೊಂಡ ಹಾಗೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಸೀಸೆಯ ಬಿಸಿ ಆರೀತೆಂಬ ಚಿಂತೆಯಲ್ಲಿ ಎರಡೂ ಕೈಯಿಂದ ಅವುಚಿಕೊಂಡಿದ್ದೆ. ದಾದರಿನಲ್ಲಿ ಜನ ನುಗ್ಗಿದರು. ಆ ನೂಕಾಟದಲ್ಲಿ ಬೀಳದಿರಲು ಒಂದು ಗಳಿಗೆ ಕೈಯೆತ್ತಿ ಮೇಲಿನ ಹಿಡಿ ಹಿಡಿದೆ. ಗ್ರಾಂಟ್ ರೋಡಿನಲ್ಲಿ ಇಳಿದು ನೋಡಿದರೆ ಅಂಗಿ, ಬನಿಯನ್ನು ಎರಡೂ ಬ್ಲೇಡಿನಲ್ಲಿ ಸೀಳಿಹೋಗಿದ್ದವು. ಕಳ್ಳಜೇಬಿನಲ್ಲಿದ್ದದ್ದು ಕಳ್ಳನ ಪಾಲಾಗಿತ್ತು.

ಬಾಯಿಯ ಮುಂದೆ ಹರಿದ ಅಂಗಿಯಲ್ಲಿ ನಿಂತು, "ಪಾಕೀಟ್‌ಮಾರ್ ಲೇ ಗಯಾ" ಎಂದೆ. ಆಕೆ ಕನ್ನಡಕ ತೆಗೆದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವವರೆಗೆ ನಕ್ಕರು. ಆ ಕಾಗದ ಬಿಚ್ಚಿದವನ ಮುಖ ನೆನೆಸಿಕೊಂಡು ನನಗೇ ಅವನ ಮೇಲೆ ಕನಿಕರ ಬಂತು. ಆದರೆ ನಾನು ಮರೆಯದಿರುವುದು ಸುಮತಿಯ ನಗು. ಅವಳು ಕುರ್ಚಿಯ ಕೈ ಹಿಡಿದುಕೊಂಡು, ಉಸಿರು ಸಿಕ್ಕದಂತೆ ನಕ್ಕಳು. ಅವಳು ಹಾಗೆ ನಗುವುದನ್ನು ನೋಡಿ ಎಷ್ಟು ಕಾಲವಾಗಿತ್ತೋ. ಆ ನಗುವಿಗಾಗಿ ಇನ್ನೊಂದು ಅಂಗಿ ಸೀಳಿಸಿಕೊಳ್ಳುವುದಕ್ಕೂ ನಾನು ಸಿದ್ಧನಿದ್ದೆ.

ಕೊನೆಗೆ ಕ್ಲಿನಿಕ್ಕಿನಲ್ಲೇ ಪರೀಕ್ಷೆಯಾಯಿತು. ಕೊರತೆ ಇಬ್ಬರಲ್ಲೂ ಸ್ವಲ್ಪ ಸ್ವಲ್ಪ ಇತ್ತು. ಅವಳ ನಾಳ ತೆರೆದಿತ್ತು, ಅವಳಿಗೆ ಮಾತ್ರೆ ಬಂತು. ನನಗೆ ಸಿಗರೇಟು ನಿಂತಿತು, ಬಿಗಿ ಪ್ಯಾಂಟು ಹೋಯಿತು. ಎಲ್ಲಕ್ಕಿಂತ ದೊಡ್ಡ ಹೊಡೆತವೆಂದರೆ, ಹೆಚ್ಚು ಬಿಸಿ ವೀರ್ಯಕ್ಕೆ ಆಗದೆಂದು ಸುಡುನೀರಿನ ಸ್ನಾನ ಬಿಡಬೇಕಾಯಿತು. ಮೈಸೂರಿನವನಿಗೆ ಶನಿವಾರದ ಎಣ್ಣೆಸ್ನಾನದಲ್ಲಿ ಹೊಗೆಯಾಡುವ ನೀರಿಲ್ಲದಿದ್ದರೆ ಶನಿವಾರವೇ ಅಲ್ಲ. ಅಮ್ಮನಿಗೆ ಏನು ಹೇಳಲಿ ಎಂದು ನಾನು ತಡವರಿಸುತ್ತಿರುವಾಗ, ಅವಳೇ ಯಾಕೋ ಏನೋ ಆ ವಾರದಿಂದ ನೀರನ್ನು ಉಗುರುಬೆಚ್ಚಗೆ ಕಾಯಿಸತೊಡಗಿದಳು. ಥರ್ಮಾಮೀಟರ್ ಶುಭದಿನ ತೋರಿಸಿದಾಗಲೆಲ್ಲ ಅವಳಿಗೆ ಚೆಂಬೂರಿನ ತಂಗಿಯನ್ನು ನೋಡುವ ಆಸೆಯಾಗುತ್ತಿತ್ತು. ಸೊಸೆ ಬೆಳಗಾಗೆದ್ದು ಬಾಯಲ್ಲಿ ಗಾಜಿನ ಕಡ್ಡಿ ಇಟ್ಟುಕೊಳ್ಳುವುದನ್ನೂ ಹಲ್ಲಿನ ಚಿಕಿತ್ಸೆಯೆಂದೇ ಅವಳು ನಂಬಿದ್ದಾಳೆ ಎಂದುಕೊಂಡು, ನನ್ನ ಚಾಲಾಕಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಮಾತ್ರೆಯ ತಿಂಗಳುಗಳು ಬರಿದೇ ಕಳೆದವು. ನಳಿಗೆಯ ಉಪಾಯವೂ ಮೊದಲ ಸಲ ಫಲಿಸಲಿಲ್ಲ. ಅವತ್ತು ಕ್ಲಿನಿಕ್ಕಿನ ಕೆಳಗಿದ್ದ ಉಡುಪಿ ಹೋಟೆಲಿನಲ್ಲಿ ಕಾಫಿ ಆರುವವರೆಗೆ ಕೂತಿದ್ದೆವು. "ಸ್ಲೋ ಗಾಡಿಯಲ್ಲವೇ, ಇನ್ನೂ ಸ್ಟೇಷನ್ನು ಇದೆ" ಎಂದೆ. ಅವಳು ಕಿಟಕಿಯ ಕಡೆ ನೋಡುತ್ತ ನನ್ನ ಕೈ ಹಿಡಿದುಕೊಂಡಳು. ಅಳು ಬಂದದ್ದು ನನಗೆ.

ಮುಂದಿನ ಸಲ ಚಿಕಿತ್ಸೆಯಾಗಿ ಕೆಲವು ವಾರಗಳ ಮೇಲೆ ಅವಳು ಒಬ್ಬಳೇ ಬಾಯಿಯನ್ನು ನೋಡಲು ಹೋಗಿದ್ದಳು. ನಾನು ಆಫೀಸಿನಿಂದ ನೇರವಾಗಿ ಅದೇ ಹೋಟೆಲಿಗೆ ಬಂದೆ. ಅದೇ ಮೇಜು, ನಮ್ಮ ಗುರುತಿನ ಅದೇ ಹಳೆಯ ಮಾಣಿ. ನಾನು ಬಾಯಿ ತೆರೆಯುವ ಮೊದಲೇ ಸುಮತಿ ಅವನನ್ನು, "ಏನಪ್ಪಾ ವಿಶೇಷ?" ಎಂದು ಕೇಳಿದಳು.

"ವಿಶೇಷ ಎಂತ ಇಲ್ಲ ಅಕ್ಕ, ಅದೇ ಇಡ್ಲಿ, ವಡೆ" ಎಂದ ಅವನು.

"ನಮ್ಮಲ್ಲಿ ಇದೆ" ಎಂದಳು.

ನಾನು ಅವಳ ಚೀಲದ ಕಡೆ ನೋಡಿ, "ಏನು, ಡಬ್ಬಿಯಲ್ಲಿ ತಂದಿದ್ದೀಯಾ?" ಎಂದೆ. ಮಾಣಿ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಒಳಗೆ ಹೋದ. ನಾವು ಹೇಳದೇ ಇದ್ದ ಎರಡು ಪ್ಲೇಟ್ ಶೀರಾ ತಂದಿಟ್ಟ. ಅವನಿಗೆ ಆಗಲೇ ಅರ್ಥವಾಗಿದ್ದು ನನಗೆ ಹೊಳೆದದ್ದು ಶೀರಾದಲ್ಲಿ ದ್ರಾಕ್ಷಿ ಹುಡುಕುತ್ತಿರುವಾಗ.

ಮನೆಗೆ ಬಂದು ಅಮ್ಮನಿಗೆ ಹೇಗೆ ಹೇಳುವುದೆಂದು ತಿಳಿಯದೆ ಪೀಠಿಕೆ ಹಾಕಿದೆ. ಬಾಯಿ ಡಾಕ್ಟರು ಅಂದರೆ ನಿಜವಾಗಿ ಹಲ್ಲಿನ ಡಾಕ್ಟರಲ್ಲ, ಮರಾಠಿಯಲ್ಲಿ ಬಾಯಿ ಅಂದರೆ... ಅಮ್ಮ ನನ್ನನ್ನು ಅಲ್ಲೇ ತಡೆದಳು. "ಹಲ್ಲುನೋವಿರೋಳು ಚಕ್ಕುಲಿ ಕಡೀತಾಳೇನೋ? ಎರಡನೇ ದಿನವೇ ಕೇಳ್ದೆ, ಸುಮತಿ ಎಲ್ಲಾ ಹೇಳಿದ್ಲು. ನಿನಗೆ ಸಂಕೋಚ ಆಗುತ್ತೆ ಅಂತ ಸುಮ್ಮನಿದ್ವಿ."

ಆಮೇಲೆ ತಿಳಿಯಿತು. ಸಂಘದಲ್ಲಿ, ಪೂಜೆಯಲ್ಲಿ, ಯಾರಾದರೂ ಸುಮತಿಯ ಕಡೆ ದನಿ ತಗ್ಗಿಸಿಕೊಂಡು ಬಂದರೆ ಅಮ್ಮ ಅಡ್ಡ ನಿಂತು, "ಅವಳನ್ನ ಮಾತಾಡಿಸಬೇಡಿ, ಪಾಪ, ಹಲ್ಲುನೋವು" ಎನ್ನುತ್ತಿದ್ದಳಂತೆ. ಒಂದು ವರ್ಷದಿಂದ ಅಡುಗೆಮನೆಯ ನಲ್ಲಿ ಸುಮ್ಮನಿತ್ತೆಂಬುದನ್ನು ನಾನು ಗಮನಿಸಿಯೇ ಇರಲಿಲ್ಲ.

ಮಗಳಿಗೆ ಮೊದಲ ಹಲ್ಲು ಬಂತು. ಕಂಡಕಂಡವರಿಗೆಲ್ಲ ಅವಳ ಬಾಯಿ ತೆರೆಸಿ ತೋರಿಸುತ್ತಿದ್ದೆ. ಒಂದು ದಿನ ಸಂಘದಲ್ಲಿ ಹೊಸದಾಗಿ ಮದುವೆಯಾದ ಹುಡುಗನೊಬ್ಬ ಸಿಕ್ಕಿದ. ನಾನು ಮಗುವನ್ನು ಎತ್ತಿಕೊಂಡೇ ಅವನ ಬಳಿ ಹೋಗಿ, ನಗುತ್ತ, "ಏನಪ್ಪಾ, ವಿಶೇ..." ಎನ್ನುವಷ್ಟರಲ್ಲಿ ಅಮ್ಮ ಎಲ್ಲಿದ್ದಳೋ, ನಡುವೆ ಬಂದು ನಿಂತಳು. "ನಮ್ಮವನನ್ನ ಮಾತಾಡಿಸಬೇಡಪ್ಪ" ಎಂದಳು ಆ ಹುಡುಗನಿಗೆ. "ಹಲ್ಲುನೋವು."