ಕಾಪಿ ಚೆನ್ನಾ?

ನಂಜನಗೂಡು–ಮೈಸೂರು ರಸ್ತೆಯಲ್ಲಿ ಹೊಸದಾಗಿ ತೆರೆದ ಕಾಫಿ ಅಂಗಡಿಗೆ ನಾನೂ ನನ್ನ ಹೆಂಡತಿ ಸರೋಜಳೂ ಹೋಗಿದ್ದೆವು. ಆರ್ಡರ್ ತೆಗೆದುಕೊಳ್ಳುವ ಹುಡುಗಿ ಬಂದು, "ಕಾಪಿ ಚೆನ್ನಾ, ಸರ್?" ಎಂದು ಕೇಳಿದಳು. ಕನಿಷ್ಠ ನನ್ನ ಕಿವಿಗೆ ಬಿದ್ದದ್ದು ಹಾಗೆ.

"ಇನ್ನೂ ಕೊಟ್ಟೇ ಇಲ್ವಲ್ಲಮ್ಮಾ, ಚೆನ್ನಾಗಿದೆ ಅಂತ ಹೇಗೆ ಹೇಳ್ಲಿ?" ಎಂದೆ.

ಅವಳು ಕೇಳಿದ್ದು ಕ್ಯಾಪುಚೀನೋ! ಅದೇನೋ ಇಟಲಿ ಕಡೆಯ ಕಾಫಿಯಂತೆ: ಗಟ್ಟಿ ಡಿಕಾಕ್ಷನ್, ಬಿಸಿ ಹಾಲು, ಮೇಲೆ ಬೆರಳು ದಪ್ಪ ನೊರೆ. ಸರೋಜ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಾಫಿ ಬಂದ ಮೇಲೆ, ಮೂಗಿಗಂಟಿದ ನೊರೆ ಒರೆಸಿಕೊಳ್ಳುತ್ತಾ ಮೆಲ್ಲಗೆ ಅಂದಳು: "ಅವಳು ಕೇಳ್ದೇ ಇದ್ದಿದ್ದಕ್ಕೇ ಉತ್ತರ ಕೊಟ್ರಿ. ನಾನು ಮೂವತ್ತು ವರ್ಷದಿಂದ ಕಾಫಿ ಕೊಡ್ತಾನೇ ಇದೀನಿ. ಒಂದಿನನಾದ್ರೂ ಚೆನ್ನಾಗಿದೆ ಅಂದಿದೀರಾ?"

ಯೋಚಿಸಿದೆ. ಸಕ್ಕರೆ ಕಡಿಮೆ ಅಂದಿದ್ದೆ. ಆರಿಹೋಗಿದೆ ಅಂದಿದ್ದೆ. ಅದೊಂದು ಮಾತು ಮಾತ್ರ ಅಂದಿರಲಿಲ್ಲ. ನಿಜವಾಗಿಯೂ ನಾಚಿಕೆಯಾಯಿತು.

ಅಲ್ಲೇ ಬಾಯಿಬಿಟ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಟಿ. ನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. ಪ್ರಯೋಗವಿಲ್ಲದೆ ಪಾಠ ಮಾಡಿದವನಲ್ಲ. ಸೋಮವಾರ ಸರೋಜ ದೇವಸ್ಥಾನಕ್ಕೆ ಹೋದ ಕೂಡಲೇ ಅಡುಗೆಮನೆಯ ಅಧಿಕಾರ ವಹಿಸಿಕೊಂಡೆ. ಅವಳು ಬರುವಷ್ಟರಲ್ಲಿ ಕ್ಯಾಪುಚೀನೋ ಸಿದ್ಧವಾಗಬೇಕು. ಲೋಟ ಕೈಗಿಡುತ್ತಾ, ಬಾಕಿ ಉಳಿದ ಆ ಮಾತನ್ನೂ ಹೇಳಿಬಿಡಬೇಕು!

ನೊರೆ ಬರಲೆಂದು ಇದ್ದ ಹಾಲನ್ನೆಲ್ಲ ಕುದಿಸಿ ಮಿಕ್ಸಿಗೆ ಸುರಿದು ಗುಂಡಿ ತಿರುಗಿಸಿದೆ. ಮುಚ್ಚಳ ಹಾರಿತು. ಹಾಲು ಸೂರು ಮುಟ್ಟಿತು. ನೊರೆಯೇನೋ ಬಂತು, ಗೋಡೆಯ ಮೇಲೆ!

ಸದ್ದು ಕೇಳಿ ಪಕ್ಕದ ಮನೆಯ ಪುಟ್ಟತಾಯಮ್ಮ ಕಿಟಕಿಯಲ್ಲಿ ಇಣುಕಿದರು. "ಏನ್ ಸಾ, ಸುಣ್ಣ ಒಡೀತಿದ್ದೀರಾ?"

"ಇಟಲಿ ಕಾಫಿ ಕಣ್ರೀ," ಎಂದೆ ಗಂಭೀರವಾಗಿ.

"ಸರೋಜಮ್ಮ ಬರೋಗಂಟ ತಡೀರಿ ಸಾ."

ತಡೆಯುವುದುಂಟೇ! ಮೂಲೆಯಲ್ಲಿ ಇನ್ನೊಂದು ಪಾತ್ರೆ ತುಂಬ ಉಗುರುಬೆಚ್ಚಗಿನ ಹಾಲು ಕಂಡಿತು. ಈ ಸಲ ಕಡಗೋಲು ಹಿಡಿದು ಕಡೆದೆ. ನೊರೆ ಉಕ್ಕಿತು! ವಿಜಯೋತ್ಸಾಹದಿಂದ ಒಲೆಯ ಮೇಲಿಟ್ಟೆ. ನೋಡನೋಡುತ್ತಿದ್ದಂತೆ ಗಡ್ಡೆ ಒಂದು ಕಡೆ, ನೀರು ಒಂದು ಕಡೆ.

ಅಷ್ಟರಲ್ಲಿ ಸರೋಜ ಬಂದಳು. "ಮೊಸರಿಗೆ ಹೆಪ್ಪು ಹಾಕಿಟ್ಟಿದ್ದ ಹಾಲು ಕಾಯಿಸಿದ್ರಾ?"

ಹುಳಿ ಸೇರಿದ ಹಾಲು ಕಾಯಿಸಿದರೆ ಒಡೆಯುತ್ತದೆಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವನು ನಾನೇ.

ಅವಳು ಬೈಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ಗೋಡೆ ಒರೆಸತೊಡಗಿದಳು. ಬೈದಿದ್ದರೇ ವಾಸಿಯಿತ್ತು. ನಾನು ಜಗಲಿಗೆ ಹೋಗಿ ಕೂತೆ.

ಸ್ವಲ್ಪ ಹೊತ್ತಿಗೆ ಎದುರಿಗೆ ಹಬೆಯಾಡುವ ಲೋಟ ಇಟ್ಟಳು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಅನ್ನಿಸಿತು. ಒಂದು ಗುಟುಕು ಕುಡಿದು, ಬೀದಿಗೆಲ್ಲ ಕೇಳುವಂತೆ ಅಂದೆ: "ಆಹಾ! ಸರೋಜಾ, ಕಾಫಿ ಬಹಳ ಚೆನ್ನಾಗಿದೆ! ಇಂಥ ಕಾಫಿ ಕುಡಿದೇ ಇಲ್ಲ!"

ಅವಳು ನನ್ನನ್ನೇ ನೋಡಿದಳು.

"ಮನೇಲಿ ಹಾಲೆಲ್ಲಿ ಉಳಿಸಿದೀರಿ? ಈ ಕಾಫಿ ಪುಟ್ಟತಾಯಮ್ಮ ಮಾಡಿ ಕಳಿಸಿದ್ದು."

ಕಾಂಪೌಂಡಿನಾಚೆಯಿಂದ ಗದ್ಗದ ದನಿ ಕೇಳಿತು: "ನಮ್ಮನೇಲಿ ಒಬ್ರೂ ಇಂಗೆ ಅನ್ನಲ್ಲ ಕಣ್ ಸಾ!"