ಸಹಿಗೆ ಮುಂಚಿನ ಎರಡು ದಿನ

ಆಲೀಡಾಳಿಗೆ ಎರಡನೆಯ ಅಡುಗೆಮನೆ ಬೇಕಾಗಿರಲಿಲ್ಲ. ಮೊದಲನೆಯದೇ ಮೂವತ್ತನಾಲ್ಕು ವರ್ಷದಿಂದ ಅವಳ ಬೆನ್ನು ಬಿಟ್ಟಿರಲಿಲ್ಲ. ಹೀಗಿರುವಾಗ ಗಂಡ ರೂಲೋಫ್, ಕಾಲುವೆಗಳ ನೀರಿನ ಮಟ್ಟ ಕಾಯುವ ಜಲಮಂಡಳಿಯಿಂದ ನಿವೃತ್ತನಾದ ಮೂರನೆಯ ವಾರಕ್ಕೆ, ಚಕ್ರದ ಮೇಲಿನ ಅಡುಗೆಮನೆಯೊಂದರ ಚಿತ್ರ ತಂದು ಅವಳ ಮುಂದಿಟ್ಟ. (ಅವನ ಪ್ರಕಾರ ಅದು ಮನೆಗಾಡಿ. ಮಲಗಲು ಹಾಸಿಗೆ, ಕೂರಲು ಮೇಜು, ಮೂಲೆಯಲ್ಲೊಂದು ಪಾಯಿಖಾನೆ. ಒಲೆ, ಸಿಂಕು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಸ್ವಂತ ಮನೆಯಲ್ಲೂ ಬಿದ್ದಿರಲಿಲ್ಲ.)

"ಸ್ವಾತಂತ್ರ್ಯ ಅಂದ್ರೆ ಇದು ನೋಡು. ಎಲ್ಲಿ ಬೇಕಾದ್ರೂ ನಿಲ್ಲಿಸಬಹುದು, ಎಲ್ಲಿ ಬೇಕಾದ್ರೂ ಊಟ ಮಾಡಬಹುದು."

"ಯಾರು ಮಾಡಿದ ಊಟ?"

"ಅಲ್ಲಿ ಎಲ್ಲಾ ಸರಳ ಕಣೇ. ಒಂದು ಬಾಣಲೆ ಸಾಕು."

"ಆ ಒಂದನ್ನ ತೊಳೆಯೋರು?"

ರೂಲೋಫ್ ಕಿಟಕಿಯಾಚೆ ನೋಡಿದ. ಕಾಲುವೆಯಲ್ಲಿ ನೀರಿನ ಮಟ್ಟ ಸರಿಯಾಗಿತ್ತು.

ಗಾಡಿಗೆ ಬೇಕಾದ ಹಣ ಆಲೀಡಾಳದು. ತೀರಿಕೊಂಡ ಚಿಕ್ಕಮ್ಮ ಅವಳ ಹೆಸರಿಗೆ ಬಿಟ್ಟದ್ದು. ಅವಳ ಸಹಿ ಬೀಳದೆ ಗಾಡಿಯಿಲ್ಲ. ಸುಮ್ಮನೆ ಕೂತು ಕಾದರೆ ತಾನಾಗಿ ಮೇಜಿಗೆ ಬಂದು ಬೀಳದಂಥ ವಸ್ತುವೊಂದು ಈ ದಾಂಪತ್ಯದಲ್ಲಿ ರೂಲೋಫನಿಗೆ ಎದುರಾದದ್ದು ಇದೇ ಮೊದಲು.

ಆಸ್ಸೆನ್ ಪಟ್ಟಣದ ಮನೆಗಾಡಿ ಅಂಗಡಿಯವನು ರೂಲೋಫನಿಗೆ ಎಂಜಿನು, ಗೇರು, ಹಿಂಬದಿಯ ಕ್ಯಾಮೆರಾ ಎಲ್ಲ ತೋರಿಸಿ, ಆಮೇಲೆ ಇವಳ ಕಡೆ ತಿರುಗಿದ. "ಮೇಡಂ, ನಿಮಗೆ ಇಲ್ಲಿ ನೋಡಿ. ಸೌಟುಗಳಿಗೇ ಬೇರೆ ಡ್ರಾಯರ್." ಹನ್ನೊಂದು ವರ್ಷ ಊರೂರಿಗೆ ಗ್ರಂಥಾಲಯದ ಬಸ್ಸು ಓಡಿಸಿದ್ದ ಆಲೀಡಾ ಸೌಟುಗಳ ಡ್ರಾಯರನ್ನು ಭಕ್ತಿಯಿಂದ ನೋಡಿದಳು.

"ಶನಿವಾರ, ಭಾನುವಾರ ಓಡಿಸಿ ನೋಡಿ. ಸೋಮವಾರ ಬಂದು ಹೇಳಿ," ಎಂದ ಅಂಗಡಿಯವನು.

ಆಲೀಡಾಳ ಯುದ್ಧತಂತ್ರ ಅಲ್ಲೇ ಹುಟ್ಟಿತು. ಎರಡು ದಿನ ಅವಳು ಒಂದು ಚಮಚವನ್ನೂ ಮುಟ್ಟುವುದಿಲ್ಲ. ಎಂಜಲು ತಟ್ಟೆಗಳ ನಡುವೆ ಕೂತ ರೂಲೋಫ್ ಭಾನುವಾರ ತಾನೇ ಹೇಳುತ್ತಾನೆ, ಬೇಡಪ್ಪ ಈ ಸಹವಾಸ ಅಂತ.

ಡ್ರೆಂಥೆ ಸೀಮೆಯ ಬಯಲಿನಲ್ಲಿ, ಮನೆಗಾಡಿಗಳ ತಂಗುದಾಣವೊಂದರಲ್ಲಿ ಗಾಡಿ ನಿಂತಿತು. ಚಳಿ ಶುರುವಾಗಿದ್ದರಿಂದ ಆಲೀಡಾ ಶಾಲು ಹೊದ್ದು ಹೊರಗೆ ಮಡಿಸುವ ಕುರ್ಚಿ ಹಾಕಿಕೊಂಡು ದಪ್ಪದೊಂದು ಪುಸ್ತಕ ತೆರೆದಳು. ಆರು ಗಂಟೆಗೆ ರೂಲೋಫ್ ಮೇಜಿನ ಮುಂದೆ ಕೂತ. ಆರೂಕಾಲಾಯಿತು. ಊಟ ಬರಲಿಲ್ಲ.

"ಆಲೀಡಾ, ಹುಷಾರಿಲ್ವಾ?"

"ಚೆನ್ನಾಗಿದ್ದೀನಿ. ಸ್ವಾತಂತ್ರ್ಯ ಅನುಭವಿಸ್ತಾ ಇದ್ದೀನಿ."

ಅವನು ಡಬ್ಬಿ ಒಡೆದು ಕಂದು ಬೀನ್ಸ್ ಬಿಸಿ ಮಾಡಿದ, ಹಂದಿಮಾಂಸ ಹುರಿದ. ಅರ್ಧ ಕಪ್ಪಾಗಿತ್ತು. ಇಬ್ಬರೂ ತಿಂದರು. ಈಗ ಬಾಣಲೆ, ತಟ್ಟೆ, ಲೋಟಗಳು ಮೇಜಿನ ಮೇಲೆ ಕೂತು ಯಾರದೋ ದಾರಿ ಕಾಯತೊಡಗಿದವು. ಆಲೀಡಾ ಪುಟ ತಿರುಗಿಸಿದಳು.

ಅವಳ ಲೆಕ್ಕ ತಪ್ಪಿದ್ದು ಇಲ್ಲಿ. ಪಕ್ಕದ ಗಾಡಿಯಿಂದ ಒಬ್ಬ ದಢೂತಿ ಗಂಡಸು ಇಳಿದ. ಕೈಯಲ್ಲಿ ಎಂಜಲು ಪಾತ್ರೆ ತುಂಬಿದ ಪ್ಲಾಸ್ಟಿಕ್ ಟಬ್ಬು, ಹೆಗಲ ಮೇಲೆ ಒರೆಸುವ ಬಟ್ಟೆ. ಎದುರಿನಿಂದ ಇನ್ನೊಬ್ಬ ಬಂದ. ಆಮೇಲೆ ನಾಲ್ಕು ಮಂದಿ, ಎಲ್ಲರೂ ಗಂಡಸರು, ಎಲ್ಲರ ಕೈಯಲ್ಲೂ ಟಬ್ಬು.

"ಬರ್ತೀರಾ?" ಎಂದು ದಢೂತಿ ರೂಲೋಫನನ್ನು ಕರೆದ, ನಗರಸಭೆಯ ಮೀಟಿಂಗಿಗೆ ಕರೆಯುವವನ ಹಾಗೆ.

ರೂಲೋಫ್ ಟಬ್ಬು ಹುಡುಕಿದ. ಪಾತ್ರೆ ತುಂಬಿಕೊಂಡ. ಹೋದ.

ಗಂಟೆಯಾದರೂ ಬರಲಿಲ್ಲ. ಆಲೀಡಾ ಮೆಲ್ಲಗೆ ಹೋಗಿ ಇಣುಕಿದಳು. ಉದ್ದನೆಯ ಷೆಡ್ಡಿನಲ್ಲಿ ಸಾಲಾಗಿ ನಲ್ಲಿಗಳು, ಒಂದೊಂದರ ಮುಂದೂ ಒಬ್ಬೊಬ್ಬ ಗಂಡಸು, ಮೊಣಕೈವರೆಗೆ ನೊರೆ. ಲೋಟ ಮೊದಲೋ ಚಮಚ ಮೊದಲೋ ಎಂಬುದರ ಮೇಲೆ ಘನಗಂಭೀರ ಚರ್ಚೆ ನಡೆದಿತ್ತು. ರೂಲೋಫ್ ಒಂದು ಕೈಯಲ್ಲಿ ಬಾಣಲೆ ಹಿಡಿದು ನಲ್ಲಿಯ ಒತ್ತಡದ ಕುರಿತು ಉಪನ್ಯಾಸ ಕೊಡುತ್ತಿದ್ದ. ಬಾಣಲೆ ಫಳಫಳ ಹೊಳೆಯುತ್ತಿತ್ತು.

ಮರುದಿನ ಅವನೇ ಕಾಫಿ ಮಾಡಿದ. ನೆಲ ಗುಡಿಸಿದ. ಪಾಯಿಖಾನೆಯಡಿಯ ಚಕ್ರವಿರುವ ಮಲದ ಪೆಟ್ಟಿಗೆಯನ್ನು ವಿಮಾನ ಹತ್ತುವವನ ಠೀವಿಯಲ್ಲಿ ಉರುಳಿಸಿಕೊಂಡು ಹೋಗಿ ಖಾಲಿ ಮಾಡಿ ಬಂದ. ತಿಂಡಿಯ ಪಾತ್ರೆ ತೊಳೆಯಲು ಯಾರಾದರೂ ಕರೆಯುವ ಮೊದಲೇ ಟಬ್ಬು ಎತ್ತಿದ.

"ಪಕ್ಕದ ಗಾಡಿಯ ಫ್ರೇಕ್ ಹೇಳ್ತಾನೆ, ಪಾತ್ರೆ ಒರೆಸೋ ಬಟ್ಟೆ ದಿನಾ ಬದಲಾಯಿಸಬೇಕಂತೆ. ವಾಸನೆ ಬರುತ್ತಂತೆ. ಎಂಥಾ ತಲೆ ಅಂತೀಯ ಅವನದು."

ಆಲೀಡಾ ಇದೇ ಮಾತನ್ನು ಮದುವೆಯಾದ ವರ್ಷದಿಂದ ಹೇಳುತ್ತಿದ್ದಳು. ಆದರೆ ಇನ್ನೂರು ಪುಟ ಒಂದೇ ಸಮನೆ ಓದಿದವಳಿಗೆ ಜಗಳಕ್ಕೆ ಬೇಕಾದ ಕಹಿ ಎಲ್ಲಿಂದ ಬರಬೇಕು? ಮನುಷ್ಯ ಬದಲಾಗುತ್ತಾನೆ, ಗಾಳಿ ಬದಲಾಗಬೇಕು ಅಷ್ಟೇ, ಎಂಬ ಮಹಾಸತ್ಯ ಅವಳಿಗೆ ಹೊಳೆಯಿತು. ಅವಳ ಬುದ್ಧಿ ಕೆಟ್ಟದ್ದೂ ಆ ಗಳಿಗೆಯಲ್ಲೇ. ಸೋಮವಾರ ಬೆಳಿಗ್ಗೆ ಅಂಗಡಿಯವನು ಪೆನ್ನು ಕೊಡುವ ಮೊದಲೇ ತನ್ನ ಪೆನ್ನು ತೆಗೆದು ಸಹಿ ಹಾಕಿದಳು.

ಅಂದು ಸಂಜೆ ಮನೆಯಲ್ಲಿ ಅವಳೇ ಆಲೂಗಡ್ಡೆ, ಸೊಪ್ಪು ಬೇಯಿಸಿ ಕಿವುಚಿ ಬಡಿಸಿದಳು. ರೂಲೋಫ್ ಉಂಡು, ಬಾಯೊರೆಸಿ, ಎದ್ದು, ಸೋಫಾದ ಮೇಲೆ ಹೋಗಿ ಬಿದ್ದುಕೊಂಡ.

"ರೂಲೋಫ್, ತಟ್ಟೆ."

"ಹೂಂ, ಅಲ್ಲೇ ಇದೆಯಲ್ಲ."

"ತೊಳೆಯೋದು?"

ಅವನು ನಿಜಕ್ಕೂ ಗಲಿಬಿಲಿಗೊಂಡ. "ಇಲ್ಲಿ, ಮನೇಲಾ? ಒಬ್ಬನೇನಾ?" ಎಂದ. "ಇಲ್ಲಿ ಯಾರಿದ್ದಾರೆ ಮಾತಾಡೋಕೆ?"

ಆಲೀಡಾ ಒಂದು ಕೈ ಸಿಂಕಿನಲ್ಲಿಟ್ಟುಕೊಂಡೇ, ಇನ್ನೊಂದು ಕೈಯಿಂದ ತಂಗುದಾಣಕ್ಕೆ ಫೋನು ಮಾಡಿದಳು. ಅದರ ಒಡತಿಯೇ ಎತ್ತಿಕೊಂಡಳು.

"ಒಂದು ಜಾಗ ಬೇಕಿತ್ತು. ಆದಷ್ಟು ಬೇಗ. ಪಾತ್ರೆ ತೊಳೆಯೋ ಷೆಡ್ಡಿಗೆ ಹತ್ತಿರ ಇದ್ರೆ ಒಳ್ಳೇದು."

"ಈ ಶುಕ್ರವಾರ ಚಳಿಗಾಲಕ್ಕೆ ಬಾಗಿಲು ಹಾಕ್ತೀವಲ್ಲಮ್ಮ. ಚಳಿಗೆ ನಲ್ಲಿ ಒಡೆದುಹೋಗುತ್ತೆ." ಆ ಕಡೆ ಒಂದು ನಿಟ್ಟುಸಿರು ಕೇಳಿಸಿತು. "ಷೆಡ್ಡಿನ ಹತ್ತಿರ ಜಾಗ ಕೇಳಿದ ಹೆಂಗಸರಲ್ಲಿ ಈ ತಿಂಗಳು ನೀವು ಏಳನೆಯವರು. ಸಹಿ ಹಾಕಿಬಿಟ್ರಾ?"

"ಹಾಕಿದೆ."

"ಏಪ್ರಿಲ್‌ಗೆ ಬರ್ಕೊಳ್ಳಲಾ?"

"ಬರ್ಕೊಳ್ಳಿ," ಎಂದು ಆಲೀಡಾ ಫೋನನ್ನು ಭುಜಕ್ಕೆ ಸಿಕ್ಕಿಸಿಕೊಂಡು, ಇನ್ನೊಂದು ಕೈಯನ್ನೂ ಸಿಂಕಿಗೆ ಇಳಿಸಿದಳು.